ಬೋರ್ಡಿನ ಮೇಲೆ 'ಪ್ರಕೃತಿ ಚಿಕಿತ್ಸಾ ವೈದ್ಯರು' ಅಂತ ಇದ್ದರೆ ಅವರು ಏನು ಓದಿರುತ್ತಾರೆ, ಏನು ಮಾಡಬಲ್ಲರು?

ತುಂಗಾತೀರ
ಒಂದೇ ರಸ್ತೆಯಲ್ಲಿ ಮೂರು ಬೋರ್ಡು. ಮೂರರಲ್ಲೂ ಹೆಸರಿಗೆ ಮೊದಲು 'ಡಾ.', ಕೆಳಗೆ 'ಪ್ರಕೃತಿ ಚಿಕಿತ್ಸೆ'. ಒಬ್ಬರ ಪದವಿ ಬಿಎನ್‌ವೈಎಸ್, ಇನ್ನೊಬ್ಬರದು ಎನ್‌ಡಿ, ಮೂರನೆಯವರದು ಡಿಪ್ಲೊಮಾ. ಈ ಮೂರೂ ಒಂದೇನಾ? ಆಯುರ್ವೇದದ ಬಿಎಎಂಎಸ್‌ಗೂ ಇದಕ್ಕೂ ಏನು ವ್ಯತ್ಯಾಸ? ಮಾತ್ರೆ ಬರೆದುಕೊಡುವ ಅಧಿಕಾರ ಇವರಿಗಿದೆಯೇ? ಶುಗರ್, ಬಿಪಿ ಎರಡೂ ಇರುವ 60 ದಾಟಿದವರನ್ನು ಹತ್ತು ದಿನ ದಾಖಲು ಮಾಡುವ ಮುಂಚೆ ಏನೇನು ಕೇಳಬೇಕು? ತಿಳಿದವರು ವಿವರವಾಗಿ ಬರೆಯಿರಿ. 'ಒಳ್ಳೆಯದು', 'ಮೋಸ' ಎಂಬ ಒಂದೇ ಪದದ ಉತ್ತರ ಬೇಡ.

ನೇತ್ರಾವತಿ_ದಂಡೆ
ಮೂರೂ ಒಂದೇ ಅಲ್ಲ. ಬಿಎನ್‌ವೈಎಸ್ ಎಂದರೆ ಬ್ಯಾಚುಲರ್ ಆಫ್ ನ್ಯಾಚುರೋಪತಿ ಅಂಡ್ ಯೋಗಿಕ್ ಸೈನ್ಸಸ್. ನಾಲ್ಕೂವರೆ ವರ್ಷ ತರಗತಿ, ಒಂದು ವರ್ಷ ಇಂಟರ್ನ್‌ಶಿಪ್, ಒಟ್ಟು ಐದೂವರೆ ವರ್ಷ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿರಲೇಬೇಕು. ನಮ್ಮಲ್ಲಿ ಉಜಿರೆಯ ಎಸ್‌ಡಿಎಂ ಕಾಲೇಜು 1989ರಲ್ಲಿ ಶುರುವಾಯಿತು. ಮೂಡುಬಿದಿರೆಯ ಆಳ್ವಾಸ್, ಮೈಸೂರಿನ ಸರ್ಕಾರಿ ಕಾಲೇಜು, ಹೀಗೆ ಈಗ ಹಲವು ಉಂಟು. ರಾಜ್ಯದಲ್ಲಿ ಇದಕ್ಕೆ ಪದವಿ ಕೊಡುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ.

ಮೊದಲ ವರ್ಷ ಅಂಗರಚನೆ, ಶರೀರಕ್ರಿಯೆ, ಜೀವರಸಾಯನ. ಜತೆಗೆ ಪ್ರಕೃತಿ ಚಿಕಿತ್ಸೆಯ ತತ್ವ, ಯೋಗ. ಆಮೇಲೆ ಪೆಥಾಲಜಿ, ಮೈಕ್ರೋಬಯಾಲಜಿ, ಸಮುದಾಯ ವೈದ್ಯಶಾಸ್ತ್ರ. ಮುಂದಿನ ವರ್ಷಗಳಲ್ಲಿ ಜಲಚಿಕಿತ್ಸೆ, ಮಣ್ಣಿನ ಚಿಕಿತ್ಸೆ, ಉಪವಾಸ ಮತ್ತು ಆಹಾರ ಚಿಕಿತ್ಸೆ, ಮಸಾಜ್, ಅಕ್ಯುಪಂಕ್ಚರ್, ಫಿಸಿಯೋಥೆರಪಿ, ಸ್ತ್ರೀರೋಗ, ತುರ್ತು ಚಿಕಿತ್ಸೆಯ ಮೂಲ ಪಾಠ. ಬಿಪಿ ನೋಡುವುದು, ಎದೆಗೆ ಸ್ಟೆತಸ್ಕೋಪ್ ಇಡುವುದು, ರಕ್ತಪರೀಕ್ಷೆಯ ವರದಿ ಓದುವುದು ಇವೆಲ್ಲ ಕಲಿಸುತ್ತಾರೆ. ಮೇಲೆ ಮೂರು ವರ್ಷದ ಎಂಡಿಯೂ ಇದೆ, ಕ್ಲಿನಿಕಲ್ ನ್ಯಾಚುರೋಪತಿಯಲ್ಲಿ ಒಂದು, ಕ್ಲಿನಿಕಲ್ ಯೋಗದಲ್ಲಿ ಒಂದು.

ಕಪ್ಪತಗುಡ್ಡ
ಎನ್‌ಡಿ ಬಗ್ಗೆ ನಾ ಹೇಳ್ತೀನ್ರೀ. ಅಮೆರಿಕಾದಾಗ ಎನ್‌ಡಿ ಅಂದ್ರ ನ್ಯಾಚುರೋಪತಿಕ್ ಡಾಕ್ಟರ್, ಡಿಗ್ರಿ ಮುಗಿಸಿ ಮತ್ತ ನಾಕು ವರ್ಷ ಕಾಲೇಜಿನಾಗ ಕೂತು ಓದೋ ಕೋರ್ಸು. ನಮ್ಮ ಕಡೆ ಅದೇ ಎರಡಕ್ಷರ ಅಂಚೆ ಮೂಲಕ ಬರೋ ಡಿಪ್ಲೊಮಾಕ್ಕೂ ಹಚ್ಚಿಕೊಂಡಾರ. ಪುಸ್ತಕ ಮನಿಗೆ ಬರ್ತದ, ವರ್ಷಕ್ಕೊಮ್ಮೆ ಪರೀಕ್ಷೆ, ಕೆಲವು ದಿನದ ಶಿಬಿರ. ರೋಗಿ ಹಾಸಿಗಿ ಹತ್ರ ನಿಂತು ಕಲಿಯೋದು ಇಲ್ಲವೇ ಇಲ್ಲ. ಅದನ್ನ ಓದಿದವರು ಯೋಗ ಕಲಿಸಲಿ, ಊಟದ ಪಥ್ಯ ಹೇಳಲಿ, ನನ್ನ ತಕರಾರಿಲ್ಲ. ಹೆಸರಿನ ಮುಂದ 'ಡಾ.' ಹಾಕಿ ಶುಗರ್ ಇದ್ದವರನ್ನ ಉಪವಾಸ ಕೆಡವೋದು ಮಾತ್ರ ಅಪಾಯದ ಕೆಲಸ.

ಹೇಮಾವತಿ77
ಹಳೆಯವರಲ್ಲಿ ನಿಜವಾದ ಎನ್‌ಡಿಗಳೂ ಇದ್ದಾರೆ ಎಂಬುದನ್ನು ಸೇರಿಸಿ. ಹೈದರಾಬಾದಿನ ಕಾಲೇಜಿನಲ್ಲಿ ಬಿಎನ್‌ವೈಎಸ್ ಬರುವ ಮೊದಲು ಪೂರ್ಣಾವಧಿ ಡಿಪ್ಲೊಮಾ ಇತ್ತು. ಅಕ್ಷರ ನೋಡಿ ತೀರ್ಮಾನಿಸಬೇಡಿ, ನೋಂದಣಿ ಸಂಖ್ಯೆ ಕೇಳಿ.

ಕಪ್ಪತಗುಡ್ಡ
ಖರೇ. ಒಪ್ಪಿದೆ.

ಕಾನೂನುಕಟ್ಟೆ
ನೋಂದಣಿಯ ವಿಷಯದಲ್ಲಿ ಹೆಚ್ಚಿನವರಿಗೆ ಗೊಂದಲವಿದೆ. ಕೇಂದ್ರದ 2020ರ ಭಾರತೀಯ ವೈದ್ಯ ಪದ್ಧತಿ ಆಯೋಗದ ಕಾಯ್ದೆಯಲ್ಲಿ ಆಯುರ್ವೇದ, ಯುನಾನಿ, ಸಿದ್ಧ, ಸೋವಾ ರಿಗ್ಪಾ (ಟಿಬೆಟಿನ ವೈದ್ಯ ಪದ್ಧತಿ) ಇವೆ. ಪ್ರಕೃತಿ ಚಿಕಿತ್ಸೆ ಇಲ್ಲ. 'ಆಯುಷ್' ಪದದ 'ಯ'ಕಾರ ಯೋಗ ಮತ್ತು ನ್ಯಾಚುರೋಪತಿಯದೇ ಆದರೂ ಆ ಆಯೋಗದ ವ್ಯಾಪ್ತಿಗೆ ಅದು ಬಂದಿಲ್ಲ. ಹಾಗಾಗಿ ನೋಂದಣಿ ರಾಜ್ಯದ ಮೇಲೆ ನಿಂತಿದೆ. ಕರ್ನಾಟಕದಲ್ಲಿ 1961ರ ಕಾಯ್ದೆಯ ಹೆಸರಿನಲ್ಲೇ ಆಯುರ್ವೇದ, ಪ್ರಕೃತಿ ಚಿಕಿತ್ಸೆ, ಸಿದ್ಧ, ಯುನಾನಿ, ಯೋಗ ಎಂದಿದೆ. ವೈದ್ಯರು ಅದರಡಿ ನೋಂದಾಯಿಸಿಕೊಂಡಿರಬೇಕು. ಆಸ್ಪತ್ರೆಯಾಗಲಿ ಕ್ಲಿನಿಕ್ ಆಗಲಿ 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ಬೇರೆಯೇ ನೋಂದಣಿ ಮಾಡಿಸಬೇಕು.

ಇವೆರಡೂ ಬೇರೆಬೇರೆ ಕಾಗದ. ಕಟ್ಟಡಕ್ಕೆ ಪರವಾನಗಿ ಇದ್ದ ಮಾತ್ರಕ್ಕೆ ಒಳಗೆ ಕೂತವರಿಗೆ ಇದೆ ಎಂದಾಗುವುದಿಲ್ಲ. ಎರಡನ್ನೂ ಕೇಳಿ.

ಮಾತ್ರೆಯ ಪ್ರಶ್ನೆಗೆ: ಈ ಪದ್ಧತಿಯೇ ಔಷಧರಹಿತ ಎಂದು ಹೇಳಿಕೊಳ್ಳುವಂಥದ್ದು. ತಮ್ಮ ಪದ್ಧತಿಯಾಚೆಗೆ ಹೋಗಿ ಔಷಧಿ ಕೊಡುವುದನ್ನು ಸುಪ್ರೀಂ ಕೋರ್ಟ್ 1996ರಲ್ಲೇ ನಿರ್ಲಕ್ಷ್ಯ ಎಂದಿದೆ. ಅದು ಹೋಮಿಯೋಪತಿ ವೈದ್ಯರೊಬ್ಬರು ಅಲೋಪತಿ ಔಷಧಿ ಕೊಟ್ಟ ಪ್ರಕರಣ.

ಪಿಯುಸಿ_ಪಾಲಕ
ಸೀಟಿಗೆ ನೀಟ್ ಬೇಕಾ?

ನೇತ್ರಾವತಿ_ದಂಡೆ
ನಮ್ಮಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಸಿಇಟಿ ಮೂಲಕ ಸೀಟು ಹಂಚುತ್ತಾ ಬಂದಿದ್ದಾರೆ. ನಿಯಮ ಬದಲಾಗುತ್ತಿರುತ್ತದೆ, ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನೇ ನೋಡಿ. ಕಾಲೇಜಿಗೆ ಭೇಟಿ ಕೊಟ್ಟರೆ ಒಂದೇ ವಿಷಯ ಗಮನಿಸಿ ಮಾರಾಯ್ರೆ, ಜೊತೆಗಿರುವ ಆಸ್ಪತ್ರೆಯಲ್ಲಿ ಒಳರೋಗಿಗಳು ನಿಜಕ್ಕೂ ಇದ್ದಾರೋ ಇಲ್ಲವೋ. ಉಜಿರೆಯವರಿಗೆ ಧರ್ಮಸ್ಥಳದ ಶಾಂತಿವನ ಆಸ್ಪತ್ರೆ ಉಂಟು. ಹಾಸಿಗೆ ಖಾಲಿ ಇರುವ ಕಾಲೇಜಿನಲ್ಲಿ ಐದೂವರೆ ವರ್ಷ ಕಳೆದರೂ ಕೈ ಪಳಗುವುದಿಲ್ಲ.

ಪ್ರಮಾಣ_ಕೇಳುವವ
ಪಠ್ಯದಲ್ಲಿರುವುದೆಲ್ಲ ಒಂದೇ ತೂಕದ್ದಲ್ಲ ಎಂಬುದನ್ನೂ ಹೇಳಬೇಕು. ಶರೀರಕ್ರಿಯೆಯ ಪಕ್ಕದಲ್ಲೇ ಕಣ್ಣಿನ ಪಾಪೆ ನೋಡಿ ರೋಗ ಹೇಳುವ ವಿದ್ಯೆ, ಆಯಸ್ಕಾಂತ, ಬಣ್ಣದ ಬಾಟಲಿಯ ನೀರು ಇವೂ ಇವೆ. ಕಣ್ಣಿನ ವಿದ್ಯೆಯನ್ನು 1979ರಲ್ಲೇ ಪರೀಕ್ಷಿಸಿದ್ದಾರೆ. ಕೆಲವರಿಗೆ ಮೂತ್ರಪಿಂಡದ ಕಾಯಿಲೆ ಇದ್ದ, ಉಳಿದವರಿಗೆ ಇಲ್ಲದ ಒಟ್ಟು 143 ಜನರ ಕಣ್ಣಿನ ಚಿತ್ರ ಕೊಟ್ಟು ಯಾರಿಗೆ ಕಾಯಿಲೆ ಎಂದು ಕೇಳಿದರು. ಆ ವಿದ್ಯೆ ಬಲ್ಲವರಿಗೆ ಗುರುತಿಸಲು ಆಗಲಿಲ್ಲ. ಹೀಗಿದ್ದೂ ಇದನ್ನು 'ರೋಗನಿದಾನ' ಎಂಬ ಹೆಸರಿನಲ್ಲಿ ಪಾಠ ಮಾಡುವುದು ಆ ವಿದ್ಯಾರ್ಥಿಗಳಿಗೇ ಮಾಡುವ ಅನ್ಯಾಯ.

ನೇತ್ರಾವತಿ_ದಂಡೆ
ಪಾಠದಲ್ಲಿದೆ, ನಿಜ. ಆದರೆ ಒಳ್ಳೆಯ ಆಸ್ಪತ್ರೆಯ ಕೇಸ್ ಶೀಟ್ ತೆರೆದರೆ ಕಣ್ಣಿನ ಪಾಪೆ ಕಾಣುವುದಿಲ್ಲ. ಎಚ್‌ಬಿಎ1ಸಿ (ಮೂರು ತಿಂಗಳ ಶುಗರಿನ ಸರಾಸರಿ), ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಇಸಿಜಿ, ತೂಕ, ಸೊಂಟದ ಸುತ್ತಳತೆ ಇರುತ್ತದೆ. ಕಣ್ಣು ನೋಡಿಯೇ ಲಿವರ್ ಕೆಟ್ಟಿದೆ ಎನ್ನುವವರಿದ್ದರೆ ಅಲ್ಲಿಂದ ಎದ್ದು ಬನ್ನಿ.

ಮಲ್ಲಿಗೆಪುರ
ಸರಿ, ದಾಖಲಾದ ಮೇಲೆ ದಿನವಿಡೀ ಏನು ಮಾಡಿಸುತ್ತಾರೆ? ಅದನ್ನು ಯಾರೂ ಬರೆಯಲಿಲ್ಲವಲ್ಲ.

ಜಲಚಿಕಿತ್ಸೆ_ವಿಭಾಗ
ಬೆಳಗ್ಗೆ ಐದೂವರೆ ಆರಕ್ಕೆ ಯೋಗ, ಕೆಲವರಿಗೆ ಜಲನೇತಿ (ಮೂಗಿಗೆ ಉಪ್ಪುನೀರು ಹಾಯಿಸಿ ತೊಳೆಯುವುದು). ಬರಿಹೊಟ್ಟೆಯಲ್ಲಿ ಹೊಟ್ಟೆಗೂ ಕಣ್ಣಿಗೂ ಮಣ್ಣಿನ ಪಟ್ಟಿ 20ರಿಂದ 30 ನಿಮಿಷ. ಬೇಕಿದ್ದವರಿಗೆ ಎನಿಮಾ (ಗುದದ್ವಾರದ ಮೂಲಕ ನೀರು ಬಿಟ್ಟು ಕರುಳು ತೊಳೆಯುವುದು). ಆಮೇಲೆ ಜ್ಯೂಸ್, ನಂತರ ಮಸಾಜ್ ಅಥವಾ ಸ್ನಾನದ ಚಿಕಿತ್ಸೆ. 11ರ ಹೊತ್ತಿಗೆ ಊಟ, ಸಂಜೆ ಬೇಗ ಇನ್ನೊಂದು ಊಟ.

ಕಟಿ ಸ್ನಾನವನ್ನೇ ತೆಗೆದುಕೊಳ್ಳಿ. ತೊಟ್ಟಿಯಲ್ಲಿ ಕೂತರೆ ನೀರು ಹೊಕ್ಕುಳ ಮುಟ್ಟಬೇಕು, ಕಾಲು ಹೊರಗೆ, ಎದೆಯ ಭಾಗ ಒಣಗಿರಬೇಕು. ತಣ್ಣನೆಯದು 10ರಿಂದ 18 ಡಿಗ್ರಿ, 10ರಿಂದ 20 ನಿಮಿಷ. ಬಿಸಿಯದು 40ರಿಂದ 45 ಡಿಗ್ರಿ, 8ರಿಂದ 10 ನಿಮಿಷ ಮಾತ್ರ. ಬಿಸಿಗೆ ಕೂರುವ ಮೊದಲು ಒಂದು ಲೋಟ ನೀರು ಕುಡಿಸಿ ತಲೆಗೆ ಒದ್ದೆ ಬಟ್ಟೆ ಸುತ್ತಬೇಕು. ಗರ್ಭಿಣಿಯರಿಗೆ, ಮುಟ್ಟಿನ ದಿನಗಳಲ್ಲಿ, ಬಿಪಿ ಹತೋಟಿಯಲ್ಲಿ ಇಲ್ಲದವರಿಗೆ ಬಿಸಿ ಕಟಿ ಸ್ನಾನ ಕೂಡದು. ನಮ್ಮ ಬೋರ್‌ವೆಲ್ ನೀರು ಸುಮಾರು 25 ಡಿಗ್ರಿ ಇರುತ್ತದೆ. ಐಸ್ ಹಾಕದೆ 'ತಣ್ಣನೆಯ ಕಟಿ ಸ್ನಾನ' ಎಂದರೆ ಅದು ಹೆಸರಿಗಷ್ಟೇ.

ಎಡವಟ್ಟಾಗುವುದು ಎಲ್ಲಿ ಗೊತ್ತೆ? ವೈದ್ಯರು ಕೇಸ್ ಶೀಟಿನಲ್ಲಿ ಡಿಗ್ರಿ ಬರೆದಿರುತ್ತಾರೆ, ತೊಟ್ಟಿ ತುಂಬಿಸುವ ಸಹಾಯಕರು ಕೈ ಅದ್ದಿ ನೋಡುತ್ತಾರೆ. ದಿನವಿಡೀ ಬಿಸಿನೀರಿನಲ್ಲಿ ಆಡಿದ ಕೈಗೆ 46 ಡಿಗ್ರಿಯೂ ಹಿತವೇ. ಬಹುಕಾಲದ ಶುಗರಿನಿಂದ ಪಾದದ ಸ್ಪರ್ಶ ಹೋಗಿರುವವರು ಬಿಸಿನೀರಿನಲ್ಲಿ ಕಾಲಿಟ್ಟು 15 ನಿಮಿಷ ಸುಮ್ಮನೆ ಕೂರುತ್ತಾರೆ, ಸುಡುವುದು ತಿಳಿಯುವುದೇ ಇಲ್ಲ. ಸಂಜೆ ಗುಳ್ಳೆ ಏಳುತ್ತದೆ, ಆಮೇಲೆ ಹುಣ್ಣು. ತೊಟ್ಟಿ ಪಕ್ಕ ಥರ್ಮಾಮೀಟರ್ ನೇತು ಹಾಕಿದ್ದಾರಾ ಎಂದು ನೋಡಿ. 200 ರೂಪಾಯಿಯ ಸಾಮಾನು ಅದು.

ಬಿಳಿಕೋಟು_ನರ್ಸಿಂಗ್
ಎನಿಮಾ ಬಗ್ಗೆ ಒಂದು ತಕರಾರು. ಹಳೆಯ ಕೈಪಿಡಿಗಳಲ್ಲಿ ನೀರಿನ ಕ್ಯಾನನ್ನು 3ರಿಂದ 4 ಅಡಿ ಎತ್ತರಕ್ಕೆ ತೂಗುಹಾಕಿ ಎಂದಿದೆ. ನರ್ಸಿಂಗಿನಲ್ಲಿ ನಾವು ಕಲಿಯುವುದು ಸೊಂಟದ ಮಟ್ಟದಿಂದ ಒಂದರಿಂದ ಒಂದೂವರೆ ಅಡಿ. ಎತ್ತರ ಹೆಚ್ಚಿದಷ್ಟೂ ಒತ್ತಡ ಹೆಚ್ಚು, ನುಲಿಯುವ ನೋವು ಬರುತ್ತದೆ, ವಯಸ್ಸಾದವರ ಕರುಳಿಗೆ ಒಳ್ಳೆಯದಲ್ಲ. ಎಡಮಗ್ಗುಲಿಗೆ ಮಲಗಿಸಿ, ಬಲಮೊಣಕಾಲು ಮಡಚಿಸಿ, ಉಗುರು ಬೆಚ್ಚಗಿನ ನೀರು 500 ಎಂಎಲ್‌ನಿಂದ ಒಂದು ಲೀಟರ್ ಒಳಗೆ, ನಿಧಾನವಾಗಿ. ನೋವು ಎಂದ ಕೂಡಲೇ ನಳಿಕೆ ಮುಚ್ಚಿ.

ಜಲಚಿಕಿತ್ಸೆ_ವಿಭಾಗ
ಒಪ್ಪುತ್ತೇನೆ, ಮೂರು ನಾಲ್ಕು ಅಡಿ ಬೇಡವೇ ಬೇಡ.

ಬಿಳಿಕೋಟು_ನರ್ಸಿಂಗ್
ಇನ್ನೊಂದು. ದಿನಾ ಕೊಡುವ ಪದ್ಧತಿ ಬಿಡಿ. ಬರಿಯ ನೀರು ಹೋಗುವುದರಿಂದ ಹೃದಯ, ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ ರಕ್ತದ ಸೋಡಿಯಂ ಇಳಿಯಬಹುದು. ಕಾರಣ ತಿಳಿಯದ ಹೊಟ್ಟೆನೋವು, ಮಲದಲ್ಲಿ ರಕ್ತ, ಇತ್ತೀಚಿನ ಹೊಟ್ಟೆಯ ಆಪರೇಷನ್, ಇವಿದ್ದರೆ ಎನಿಮಾ ಪಾತ್ರೆಯನ್ನೇ ಮುಟ್ಟಬಾರದು.

ಮಾತ್ರೆಪಟ್ಟಿ
ಮೂಲ ಪ್ರಶ್ನೆಯ ಕೊನೆಯ ಭಾಗಕ್ಕೆ ಬರುತ್ತೇನೆ. ಮೇಲೆ ಹೇಳಿದ ಎಚ್ಚರ ವಹಿಸಿದರೆ ಶುಗರ್, ಬಿಪಿ ಇರುವವರಿಗೆ ನೀರು, ಮಣ್ಣು, ಮಸಾಜ್‌ಗಳಿಂದ ಬರುವ ಅಪಾಯ ಕಡಿಮೆ. ಹೆಚ್ಚಿನ ಅಪಾಯ ಇರುವುದು ಉಪವಾಸ ಮತ್ತು ಮಾತ್ರೆ ಜೊತೆಗೂಡಿದಾಗ. ಒಂದೊಂದಾಗಿ ಹೇಳುತ್ತೇನೆ, ನಿಮ್ಮ ಮನೆಯವರ ಚೀಟಿ ಎದುರಿಗಿಟ್ಟುಕೊಂಡು ಓದಿ.

ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಅಥವಾ ಇನ್ಸುಲಿನ್: ಇವು ಊಟ ಮಾಡಿದರೂ ಮಾಡದಿದ್ದರೂ ಶುಗರ್ ಇಳಿಸುತ್ತವೆ. ಅದೇ ಡೋಸಿನಲ್ಲಿ ಜ್ಯೂಸ್ ಉಪವಾಸಕ್ಕೆ ಕೂತರೆ ರಾತ್ರಿ ಎರಡು ಮೂರಕ್ಕೆ ಬೆವರು, ನಡುಕ, ಪ್ರಜ್ಞೆ ತಪ್ಪುವುದು. ಶುಗರ್ 70ಕ್ಕಿಂತ ಕೆಳಗಿಳಿದರೆ ಅಲ್ಲಿಗೇ ಉಪವಾಸ ಮುರಿಯಬೇಕು.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್: ಈ ಗುಂಪಿನ ಮಾತ್ರೆ ಈಗ ಬಹಳ ಜನ ತೆಗೆದುಕೊಳ್ಳುತ್ತಿದ್ದಾರೆ, ಎಚ್ಚರ ಹೆಚ್ಚು ಬೇಕಾದದ್ದೂ ಇಲ್ಲೇ. ಇವು ಮೂತ್ರದಲ್ಲಿ ಸಕ್ಕರೆ ಹೊರಹಾಕುತ್ತವೆ. ಊಟ ನಿಂತಾಗ ದೇಹ ಕೊಬ್ಬು ಸುಟ್ಟು ಕೀಟೋನ್ ಮಾಡುತ್ತದೆ. ಮಾತ್ರೆಯೂ ಸೇರಿದರೆ ಕೀಟೋನ್ ಮಿತಿಮೀರಿ ರಕ್ತ ಆಮ್ಲೀಯವಾಗುತ್ತದೆ. ಗ್ಲೂಕೋಮೀಟರ್ ಹಚ್ಚಿದರೆ 150, 180 ತೋರಿಸುತ್ತದೆ, ಎಲ್ಲ ಸರಿ ಇದೆ ಎನಿಸುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು ಬಂದಿರುತ್ತದೆ. ನಿಗದಿತ ಆಪರೇಷನ್ ಇದ್ದರೆ ಈ ಮಾತ್ರೆಯನ್ನು ಕನಿಷ್ಠ 3 ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ, ಉಪವಾಸಕ್ಕೂ ಅದೇ ಎಚ್ಚರ ಬೇಕು. ನಿಲ್ಲಿಸುವ ಮಾತು ಮಾತ್ರೆ ಬರೆದ ವೈದ್ಯರಿಂದಲೇ ಬರಬೇಕು.

ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ, ಟೆಲ್ಮಿಸಾರ್ಟಾನ್: ಉಪವಾಸದ ಮೊದಲ ದಿನಗಳಲ್ಲಿ ದೇಹದಿಂದ ಉಪ್ಪು, ನೀರು ಬೇಗ ಹೋಗುತ್ತದೆ. ಅದರ ಮೇಲೆ ಹಬೆ ಸ್ನಾನ. ಎದ್ದು ನಿಂತ ತಕ್ಷಣ ಕಣ್ಣು ಕತ್ತಲೆ, ಬಾತ್‌ರೂಮಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿತ. ಕ್ರಿಯಾಟಿನಿನ್ ಮೊದಲೇ ಹೆಚ್ಚಿದ್ದವರಿಗೆ ಮೂತ್ರಪಿಂಡಕ್ಕೂ ಪೆಟ್ಟು.

ಮನೋರೋಗಕ್ಕೆ ಲಿಥಿಯಂ ತೆಗೆದುಕೊಳ್ಳುವವರು ಉಪ್ಪಿಲ್ಲದ ಊಟ, ಉಪವಾಸ ಎರಡರಿಂದಲೂ ದೂರ. ಉಪ್ಪು ಇಳಿದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಿಗೆ ದಿಢೀರನೆ ಸೊಪ್ಪಿನ ಜ್ಯೂಸ್ ಶುರು ಮಾಡಿದರೆ ವಿಟಮಿನ್ ಕೆ ಹೆಚ್ಚಿ ಔಷಧಿಯ ಬಲ ಕುಗ್ಗುತ್ತದೆ.

ಟೈಪ್ 1 ಶುಗರ್, ಗರ್ಭಿಣಿಯರು, ಹಾಲೂಡಿಸುವವರು, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 18.5ಕ್ಕಿಂತ ಕಡಿಮೆ ಇರುವವರು: ಉಪವಾಸ ಬೇಡ.

ಪ್ರಮಾಣ_ಕೇಳುವವ
ಡಾಪಾಗ್ಲಿಫ್ಲೋಜಿನ್ ವಿಷಯಕ್ಕೆ ಸೇರಿಸುವುದಿದೆ. ಉಪವಾಸದಲ್ಲಿ ವಾಂತಿ, ತಲೆನೋವು ಬಂದರೆ 'ಹೀಲಿಂಗ್ ಕ್ರೈಸಿಸ್, ವಿಷ ಹೊರಬರುತ್ತಿದೆ' ಎನ್ನುವ ಮಾತು ಈ ಪದ್ಧತಿಯಲ್ಲಿ ಬೇರೂರಿದೆ. ಮೂತ್ರದಲ್ಲಿ ಕೀಟೋನ್ ಕಂಡರೂ 'ಉಪವಾಸದಲ್ಲಿ ಸಹಜ' ಎನ್ನುತ್ತಾರೆ. ಈ ಮಾತ್ರೆ ತೆಗೆದುಕೊಳ್ಳದವರಿಗೆ ಅದು ನಿಜವೂ ಹೌದು, ಅದಕ್ಕೇ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಯಾವ ಲಕ್ಷಣಕ್ಕೆ ಉಪವಾಸ ನಿಲ್ಲಿಸುತ್ತೀರಿ ಎಂದು ದಾಖಲಾಗುವ ಮೊದಲೇ ಕೇಳಿ. ಉತ್ತರದಲ್ಲಿ ಅಂಕಿ ಇರಬೇಕು: ಶುಗರ್ ಎಷ್ಟು, ಬಿಪಿ ಎಷ್ಟು, ಎಷ್ಟು ಸಲ ವಾಂತಿ.

ಹೇಮಾವತಿ77
ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಸರಿಯಾಗಿ ತರಬೇತಾದ ಬಿಎನ್‌ವೈಎಸ್ ವೈದ್ಯರು ಶುಗರ್ ರೋಗಿಗೆ ನೇರವಾಗಿ ಉಪವಾಸ ಹಾಕುವುದೇ ಇಲ್ಲ. ಮೊದಲು ಕ್ಯಾಲೊರಿ ಇಳಿಸಿದ ಬೇಯಿಸಿದ ಊಟ, ದಿನಕ್ಕೆ ನಾಲ್ಕು ಸಲ ಶುಗರ್ ನೋಡುವುದು, ಫಿಸಿಷಿಯನ್ ಜೊತೆ ಮಾತಾಡಿ ಮಾತ್ರೆ ಇಳಿಸುವುದು. ಎಣ್ಣೆ, ಮೈದಾ, ಸಕ್ಕರೆ ಬಿಟ್ಟು ಬೇಗ ಮಲಗಿ ದಿನಾ ನಡೆದರೆ ಹತ್ತು ದಿನದಲ್ಲಿ ಶುಗರ್ ಇಳಿಯುತ್ತದೆ. ಇದನ್ನು ಪಕ್ಕದಲ್ಲಿ ಕೂತು ಮಾಡಿಸುವ ಪುರುಸೊತ್ತು ಬೇರೆ ಆಸ್ಪತ್ರೆಗಳಲ್ಲಿ ಎಲ್ಲಿದೆ?

ಮಾತ್ರೆಪಟ್ಟಿ
ಅದನ್ನು ಯಾರೂ ಅಲ್ಲಗಳೆದಿಲ್ಲ. ತೂಕದ ಲೆಕ್ಕ ಮಾತ್ರ ಸ್ಪಷ್ಟವಿರಲಿ. ದೇಹದಲ್ಲಿ ಕೂಡಿಟ್ಟ ಪಿಷ್ಟ, ಅಂದರೆ ಗ್ಲೈಕೋಜನ್, ಸುಮಾರು ಅರ್ಧ ಕಿಲೋ, ಒಂದೊಂದು ಗ್ರಾಮಿಗೂ ಮೂರು ಗ್ರಾಂ ನೀರು ಅಂಟಿರುತ್ತದೆ. ಮೊದಲ ಮೂರು ದಿನ ಇಳಿಯುವ ಎರಡು ಕಿಲೋ ಬಹುಪಾಲು ಅದೇ. ಮನೆಗೆ ಹೋಗಿ ಎರಡು ದಿನ ಅನ್ನ ಸಾರು ಉಂಡರೆ ವಾಪಸ್ ಬರುತ್ತದೆ. ಅದಕ್ಕೆ ಹೆದರಬೇಕಿಲ್ಲ, ಅದನ್ನು ಕೊಬ್ಬು ಕರಗಿತು ಎಂದು ಮಾರಲೂಬಾರದು.

ಕಪ್ಪತಗುಡ್ಡ
ಉಪವಾಸ ಬಿಡಿಸೋ ಬಗ್ಗೆ ಯಾರೂ ಬರೀಲಿಲ್ಲಲ್ರೀ? ಹಿಡಿಯೋದಕ್ಕಿಂತ ಬಿಡಿಸೋದ ಕಠಿಣ.

ಬಿಳಿಕೋಟು_ನರ್ಸಿಂಗ್
ಹೌದು. ಐದು ದಿನಕ್ಕಿಂತ ಹೆಚ್ಚು ಏನೂ ಉಣ್ಣದೆ ಇದ್ದವರಿಗೆ ಮೊದಲ ಎರಡು ದಿನ ಅವರಿಗೆ ಬೇಕಾದ ಆಹಾರದ ಅರ್ಧಕ್ಕಿಂತ ಹೆಚ್ಚು ಕೊಡಬಾರದು. ಹಿಟ್ಟು, ಸಿಹಿ ಒಮ್ಮೆಲೇ ಹೋದರೆ ಇನ್ಸುಲಿನ್ ಏರಿ ರಕ್ತದ ಫಾಸ್ಫೇಟ್, ಪೊಟ್ಯಾಶಿಯಂ ಜೀವಕೋಶದೊಳಕ್ಕೆ ಸರಿಯುತ್ತವೆ. ಕಾಲು ಊತ, ಉಸಿರಾಟದ ತೊಂದರೆ, ಹೃದಯದ ಬಡಿತ ತಪ್ಪುವುದು ಎರಡು ಮೂರು ದಿನದೊಳಗೆ ಕಾಣುತ್ತದೆ. ಪ್ರಕೃತಿ ಚಿಕಿತ್ಸೆಯವರ ಹಳೆಯ ಕ್ರಮ, ಮೊದಲು ಹಣ್ಣು, ಆಮೇಲೆ ಬೇಯಿಸಿದ ತರಕಾರಿ, ನಂತರ ಒಂದು ಫುಲ್ಕಾ, ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಕೆಡುವುದು ಡಿಸ್ಚಾರ್ಜ್ ಆದ ದಿನವೇ ಮದುವೆ ಮನೆಯ ಹೋಳಿಗೆ ಊಟಕ್ಕೆ ಕೂತಾಗ. ಉಪವಾಸ ಪೂರ್ತಿ ಬಿಡಿಸಿದ ಮೇಲೆಯೇ ಡಿಸ್ಚಾರ್ಜ್ ಮಾಡುತ್ತಾರಾ ಎಂದು ಕೇಳಿಕೊಳ್ಳಿ.

ದಾರೆಹುಳಿ_ಪ್ರಿಯೆ
ಜ್ಯೂಸ್ ವಿಷಯ ಬಂತಲ್ಲ, ಸೋರೆಕಾಯಿ ಜ್ಯೂಸ್ ದಿನಾ ಕುಡಿಯಬಹುದಾ?

ಮಾತ್ರೆಪಟ್ಟಿ
ಮೊದಲು ಒಂದು ಚೂರು ಕಚ್ಚಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ. ಸಕ್ಕರೆ, ನಿಂಬೆ ಹಾಕಿ ಕಹಿ ಮುಚ್ಚಿ ಕುಡಿದರೆ ಕುಕುರ್ಬಿಟಾಸಿನ್ ಎಂಬ ವಿಷ ಹೊಟ್ಟೆ ಸೇರುತ್ತದೆ, ರಕ್ತವಾಂತಿಯಾಗಿ ಸತ್ತವರಿದ್ದಾರೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮಿತಿಯೂ ಕಹಿ ಜ್ಯೂಸ್ ಕುಡಿಯಬೇಡಿ ಎಂದೇ ಹೇಳಿದೆ. ನಿಮ್ಮ ಹೆಸರು ನೋಡಿ ಇನ್ನೊಂದು ಹೇಳುತ್ತೇನೆ. ದಾರೆಹುಳಿ (ಸ್ಟಾರ್ ಫ್ರೂಟ್), ಬಿಂಬುಳಿ ಎರಡರಲ್ಲೂ ಕಿಡ್ನಿಗೆ ಹಾನಿ ಮಾಡಬಲ್ಲ ಆಕ್ಸಲೇಟ್ ಹೆಚ್ಚು. ಕೊಲೆಸ್ಟ್ರಾಲಿಗೆ ಒಳ್ಳೆಯದೆಂದು ಬಿಂಬುಳಿಯ ಜ್ಯೂಸ್ ಲೋಟಗಟ್ಟಲೆ ಕುಡಿದು ಕಿಡ್ನಿ ಕೆಟ್ಟ ಪ್ರಕರಣಗಳು ಕೇರಳದಿಂದ ವರದಿಯಾಗಿವೆ. ಉಪ್ಪಿನಕಾಯಿಯಲ್ಲಿ ನಾಲ್ಕು ಹೋಳು ಬೇರೆ ಮಾತು. ಕಿಡ್ನಿ ಕಾಯಿಲೆ ಇದ್ದವರಿಗೆ ದಾರೆಹುಳಿ ಒಂದು ಹೋಳೂ ಬೇಡ.

ಡಲ್ಲಾಸ್_ಕನ್ನಡಿಗ
ಇಲ್ಲಿಯ ಎನ್‌ಡಿ ಬಗ್ಗೆ ಎರಡು ಸಾಲು. ನಾಲ್ಕು ವರ್ಷದ ಮಾನ್ಯ ಕಾಲೇಜು, ಆಮೇಲೆ ಎನ್‌ಪ್ಲೆಕ್ಸ್ ಎಂಬ ಎರಡು ಹಂತದ ಪರೀಕ್ಷೆ. ಲೈಸೆನ್ಸ್ ರಾಜ್ಯಕ್ಕೊಂದು ಥರ. ವಾಷಿಂಗ್ಟನ್, ಕ್ಯಾಲಿಫೋರ್ನಿಯಾದಲ್ಲಿ ಇದೆ, ಟೆಕ್ಸಾಸ್‌ನಲ್ಲಿ ಇಲ್ಲ. ಮಾನ್ಯ ಕಾಲೇಜಿನಲ್ಲಿ ಓದಿದವರಷ್ಟೇ ಆ ಪರೀಕ್ಷೆಗೆ ಕೂರಬಹುದು, ಬಿಎನ್‌ವೈಎಸ್ ಮುಗಿಸಿ ನೇರವಾಗಿ ಇಲ್ಲಿ ವೃತ್ತಿ ನಡೆಸುವೆ ಎಂದುಕೊಂಡು ಬರಬೇಡಿ. ಇಲ್ಲಿಯವರು ಗಿಡಮೂಲಿಕೆ, ವಿಟಮಿನ್ ಮಾತ್ರೆ, ಹೋಮಿಯೋಪತಿ ಎಲ್ಲ ಬರೆಯುತ್ತಾರೆ. ನಮ್ಮ ಕಡೆಯ ನೀರು, ಮಣ್ಣು, ಉಪವಾಸದ ಪದ್ಧತಿಗೂ ಇದಕ್ಕೂ ಬೇರು ಒಂದೇ, ಜರ್ಮನಿಯದು. ಕೊಂಬೆಗಳು ಬೇರೆ.

ಹೇಮಾವತಿ77
ಅದು ನಮ್ಮಲ್ಲಿ ಔಷಧರಹಿತವಾಗಿಯೇ ಉಳಿದದ್ದು ಗಾಂಧೀಜಿಯಿಂದ. 1946ರಲ್ಲಿ ಪುಣೆ ಹತ್ತಿರದ ಉರುಳಿಕಾಂಚನದಲ್ಲಿ ಹಳ್ಳಿಯವರಿಗಾಗಿ ಚಿಕಿತ್ಸೆ ಶುರು ಮಾಡಿದರು. ಬಡವರಿಗೆ ಖರ್ಚಿಲ್ಲದೆ ಸಿಗುವುದು ಮಣ್ಣು, ನೀರು, ಬಿಸಿಲು ಎಂಬುದೇ ಅವರ ಲೆಕ್ಕ. ಈಗ ಒಂದು ದಿನದ ರೂಮು ಬಾಡಿಗೆ ನೋಡಿದರೆ ಹೊಟ್ಟೆ ಉರಿಯುತ್ತದೆ.

ಮಲ್ಲಿಗೆಪುರ
ಮಣ್ಣು ಎಂದಿರಿ, ಮನೆಯಲ್ಲೇ ಪಟ್ಟಿ ಹಾಕಿಕೊಳ್ಳಬಹುದೇ? ಹುತ್ತದ ಮಣ್ಣು ಶ್ರೇಷ್ಠ ಅಂತಾರೆ.

ಜಲಚಿಕಿತ್ಸೆ_ವಿಭಾಗ
ಹುತ್ತದ್ದೇ ಆಗಬೇಕೆಂದಿಲ್ಲ. ಗೊಬ್ಬರ, ಕೀಟನಾಶಕ ಬೀಳದ ಜಾಗದಲ್ಲಿ 3ರಿಂದ 4 ಅಡಿ ಆಳದಿಂದ ತೆಗೆಯಿರಿ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಕುಟ್ಟಿ, ಜರಡಿ ಹಿಡಿಯಿರಿ. ಹಿಂದಿನ ರಾತ್ರಿ ನೀರಿನಲ್ಲಿ ನೆನೆಸಿ, ಬೆಳಗ್ಗೆ ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿರಬೇಕು. ಒದ್ದೆ ಮಾಡಿ ಹಿಂಡಿದ ತೆಳು ಬಟ್ಟೆಯಲ್ಲಿ ಸುಮಾರು 10 ಇಂಚು ಉದ್ದ, 6 ಇಂಚು ಅಗಲ, 1 ಇಂಚು ದಪ್ಪ ಹರಡಿ ಮಡಚಿ ಕಿಬ್ಬೊಟ್ಟೆಯ ಮೇಲೆ ಇಡಿ. ಊಟವಾಗಿ ಎರಡು ಗಂಟೆಯೊಳಗೆ ಬೇಡ. ಚಳಿ ಹತ್ತಿದರೆ ತೆಗೆದುಬಿಡಿ.

ಬಿಳಿಕೋಟು_ನರ್ಸಿಂಗ್
ಗಾಯ, ಕಜ್ಜಿ, ಬಿರಿದ ಚರ್ಮದ ಮೇಲೆ ಮಾತ್ರ ಹಸಿ ಮಣ್ಣು ಹಚ್ಚಬೇಡಿ. ನಮ್ಮ ಕರಾವಳಿಯ ಮಣ್ಣಿನಲ್ಲಿ ಮೆಲಿಯಾಯ್ಡೋಸಿಸ್ ಎಂಬ ಗಂಭೀರ ಸೋಂಕು ತರುವ ಬ್ಯಾಕ್ಟೀರಿಯಾ ಇದೆ, ಮಳೆಗಾಲದಲ್ಲಿ ಉಡುಪಿ, ದಕ್ಷಿಣ ಕನ್ನಡದಿಂದ ಪ್ರಕರಣಗಳು ಬರುತ್ತವೆ, ಶುಗರ್ ಇದ್ದವರಿಗೇ ಹೆಚ್ಚು. ಹಾಗೆಯೇ ಜಲನೇತಿಗೆ ನಲ್ಲಿ ನೀರು ಬೇಡ. ಕುದಿಸಿ ಆರಿಸಿದ ನೀರು ಅರ್ಧ ಲೀಟರ್, ಉಪ್ಪು ಮುಕ್ಕಾಲು ಟೀ ಚಮಚ. ಉಪ್ಪು ಕಡಿಮೆಯಾದರೂ ಹೆಚ್ಚಾದರೂ ಮೂಗು ಉರಿಯುತ್ತದೆ.

ತುಂಗಾತೀರ
ಎಲ್ಲರಿಗೂ ಧನ್ಯವಾದ. ಮೂವರಿಗೂ ಫೋನ್ ಮಾಡಿ ನೋಂದಣಿ ಸಂಖ್ಯೆ ಕೇಳಿದ್ದಾಯಿತು, ಒಬ್ಬರು ತಕ್ಷಣ ಕೊಟ್ಟರು. ಆದರೆ ಅವರ ಕರಪತ್ರದಲ್ಲಿ 'ಬರುವಾಗ ಎಲ್ಲ ಔಷಧಿ ಮನೆಯಲ್ಲೇ ಬಿಟ್ಟು ಬನ್ನಿ' ಎಂದಿದೆ. ಇದು ಸರಿಯೇ?

ಮಾತ್ರೆಪಟ್ಟಿ
ಸರಿಯಲ್ಲ. ನೋಂದಣಿ ಇದ್ದರೂ ಸರಿಯಲ್ಲ. ಮಾತ್ರೆಗಳ ಡಬ್ಬಿ, ಡೋಸಿನ ಚೀಟಿ, ಮೂರು ತಿಂಗಳೊಳಗಿನ ಎಚ್‌ಬಿಎ1ಸಿ, ಕ್ರಿಯಾಟಿನಿನ್, ಸೋಡಿಯಂ ಪೊಟ್ಯಾಶಿಯಂ ವರದಿ, ಹೊಸ ಇಸಿಜಿ ಎಲ್ಲ ಒಯ್ಯಬೇಕು. ಬಿಪಿ, ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್, ಸ್ಟೀರಾಯ್ಡ್, ಫಿಟ್ಸಿನ ಮಾತ್ರೆ ಇದ್ದರಂತೂ ಒಂದು ದಿನವೂ ತಪ್ಪಿಸುವಂತಿಲ್ಲ. ಅವರಿಗೆ ಮತ್ತೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ರಾತ್ರಿ ಪಾಳಿಯಲ್ಲಿ ವೈದ್ಯರು ಒಳಗೇ ಇರುತ್ತಾರಾ? ಶುಗರ್ 60ಕ್ಕೆ ಇಳಿದರೆ ಏನು ಮಾಡುತ್ತೀರಿ, ಯಾವ ಆಸ್ಪತ್ರೆಗೆ ಕಳಿಸುತ್ತೀರಿ, ಎಷ್ಟು ನಿಮಿಷದ ದಾರಿ?

ನೇತ್ರಾವತಿ_ದಂಡೆ
ಕರಪತ್ರ ಬರೆದದ್ದು ವೈದ್ಯರೋ ಆಡಳಿತದವರೋ ಎಂದೂ ಕೇಳಿ. ಎಷ್ಟೋ ಕಡೆ ಅದನ್ನು ರಿಸೆಪ್ಷನ್‌ನವರೇ ಮಾಡಿಸುತ್ತಾರೆ, ವೈದ್ಯರು ಓದಿರುವುದೇ ಇಲ್ಲ.

ತುಂಗಾತೀರ
ಸೋಮವಾರ ನೇರವಾಗಿ ಹೋಗಿ ವೈದ್ಯರನ್ನೇ ಕೇಳುತ್ತೇನೆ. ತೊಟ್ಟಿ ಪಕ್ಕ ಥರ್ಮಾಮೀಟರ್ ಇದೆಯೋ ಇಲ್ಲವೋ ಅದನ್ನೂ ನೋಡಿ ಬಂದು ಇಲ್ಲೇ ಬರೆಯುತ್ತೇನೆ.